ಹುಬ್ಬೆ ಮಳೆಯ ಹುಲ್ಲು

ಮೈದನಹಳ್ಳಿ ಬಯಲಿನ ಅಂಚಿನಲ್ಲಿ ಕುರಿ ಮೇಯಿಸುತ್ತಿದ್ದ ತಾತನ ಕೈಗೆ ಒಮ್ಮೆ ನಾನು ತೆಗೆದ ಫೋಟೋ ಒಂದನ್ನು ಕೊಟ್ಟೆ. ಹತ್ತು ಅಂಗುಲಕ್ಕೆ ಎಂಟು ಅಂಗುಲದ ಪ್ರಿಂಟು. ನಡುವೆ ಒಂದು ಗಂಡು ಕೃಷ್ಣಮೃಗ ತಿರುಚುಗೊಂಬು ಎತ್ತಿ ನಿಂತಿದೆ. ಹಿಂದೆ ಮೂರು ಹೆಣ್ಣು, ಅವುಗಳ ಆಚೆ ಮಸುಕು ಗುಡ್ಡ. ನನಗೆ ಬಹಳ ಇಷ್ಟವಾದ ಚಿತ್ರ ಅದು. ತಾತ ಅದನ್ನು ನೆರಳಿಗೆ ತಿರುಗಿಸಿಕೊಂಡು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಜಿಂಕೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವರ ಬೆರಳು ಜಿಂಕೆಯ ಕಾಲಬುಡದ ಹುಲ್ಲಿನ ಮೇಲೆ ಓಡಾಡುತ್ತಿತ್ತು.

“ಹುಬ್ಬೆ ಮಳೆ ಬಿದ್ದೈತೆ. ಉತ್ತರೆ ಇನ್ನೂ ಬಂದಿಲ್ಲ,” ಅಂದರು.

ಪ್ರಿಂಟು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ನನ್ನದೇ ಕೈಬರಹದಲ್ಲಿ ತಾರೀಖಿತ್ತು, ಸೆಪ್ಟೆಂಬರ್ 18. ಹುಬ್ಬೆ ನಕ್ಷತ್ರ ಮುಗಿದು ಉತ್ತರೆ ಹುಟ್ಟಿ ನಾಲ್ಕೈದು ದಿನ.

“ಹೆಂಗೆ ಗೊತ್ತಾತು ತಾತ?”

“ತೆನೆ ಬಿಟ್ಟೈತೆ, ಕಾಳು ಕಟ್ಟಿಲ್ಲ. ತುದಿ ಆಗಲೇ ಕೆಂಪಗಾಗ್ತಾ ಐತೆ. ಇನ್ನೊಂದು ಹದ ಬಿದ್ದಿದ್ರೆ ಹಿಂಗೆ ಇರ್ತಿರ್ಲಿಲ್ಲ ಮಗ.”

ಅಲ್ಲಿಯವರೆಗೆ ಆ ಹುಲ್ಲು ನನ್ನ ಪಾಲಿಗೆ ಹಿನ್ನೆಲೆ. ಒಳ್ಳೆಯ ಬಣ್ಣದ, ಜಿಂಕೆಯ ಕಪ್ಪನ್ನು ಎತ್ತಿ ಕೊಡುವ ಹಿನ್ನೆಲೆ. ನಾನು ಜಿಂಕೆಯನ್ನು ಹುಡುಕಿಕೊಂಡು ಹೋಗಿದ್ದೆ. ಚಿತ್ರದೊಳಗೆ ಆ ವರ್ಷದ ಮಳೆ ಬಂದು ಕೂತಿತ್ತು. ಅಂದಿನಿಂದ ನಾನು ತೆಗೆದ ಪ್ರತಿ ಚಿತ್ರದ ಹಿಂದೆ ತಾರೀಖಿನ ಜೊತೆ ಮಳೆಯ ಹೆಸರನ್ನೂ ಬರೆಯುತ್ತೇನೆ.

ನನ್ನದು ಬರಗೂರು ಕಡೆ. ಶಿರಾ ತಾಲ್ಲೂಕಿನ ಈ ಊರಿನ ಹೆಸರನ್ನು ಕನ್ನಡದ ಓದುಗರು ಬರಗೂರು ರಾಮಚಂದ್ರಪ್ಪನವರ ಹೆಸರಿನೊಂದಿಗೆ ಕೇಳಿರುತ್ತೀರಿ. ಬರಗೂರು ಎಂದೊಡನೆ ಹೊರಗಿನವರ ಕಿವಿಗೆ ಬರ ಕೇಳಿಸುತ್ತದೆ. ನನ್ನ ಕಿವಿಗೆ ಬರಗು ಕೇಳಿಸುತ್ತದೆ. ಎರಡು ಹದ ಮಳೆ ಸಿಕ್ಕರೆ ಸಾಕು, ಕೈಬಿಡದೆ ಬೆಳೆಯುವ ಆ ಸಣ್ಣ ಧಾನ್ಯ. ನಮ್ಮ ನಾಲ್ಕೂ ತಾಲ್ಲೂಕು, ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಆ ಧಾನ್ಯದ ಜಾತಿಯವೇ. ಕಡಿಮೆ ನೀರಿನಲ್ಲಿ ಬದುಕುವುದನ್ನು ಕಲಿತ ನೆಲ.

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತಿರುಗಲು ಶುರು ಮಾಡಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ. “ನಿಮ್ಮ ಕಡೆ ಫೋಟೋ ತೆಗೆಯೋಕೆ ಏನಿದೆ?” ಕೇಳಿದವರದ್ದು ತಪ್ಪಲ್ಲ. ಮನೆಗೋಡೆಯ ಕ್ಯಾಲೆಂಡರಿನಲ್ಲಿ ಕರ್ನಾಟಕವೆಂದರೆ ಜೋಗ, ಕೊಡಗಿನ ಮಂಜು, ಹಂಪಿಯ ಕಲ್ಲಿನ ರಥ, ಬಂಡೀಪುರದ ಆನೆ. ನಾನು ಚಿಕ್ಕವನಿದ್ದಾಗ ಫೋಟೋ ತೆಗೆಸಿಕೊಳ್ಳಲು ಹೋದ ಸ್ಟುಡಿಯೊದ ಪರದೆಯ ಮೇಲೂ ಒಂದು ಜಲಪಾತವಿತ್ತು. ಅದರ ಬುಡದಲ್ಲಿ ಹಂಸ, ದಡದಲ್ಲಿ ತೆಂಗಿನ ಮರ, ದೂರದಲ್ಲಿ ಹಿಮದ ಬೆಟ್ಟ. ವರ್ಷಕ್ಕೊಮ್ಮೆ ಕೆರೆ ತುಂಬಿದರೆ ದೊಡ್ಡ ಮಾತಾಗಿದ್ದ ಊರುಗಳ ಜನ ಆ ಜಲಪಾತದ ಮುಂದೆ ಎಣ್ಣೆ ಹಚ್ಚಿ ತಲೆ ಬಾಚಿ ನಿಂತು ಫೋಟೋ ತೆಗೆಸಿಕೊಂಡರು. ನಮ್ಮ ಮನೆಯ ಹಳೆಯ ಚಿತ್ರಗಳಲ್ಲಿ ನಮ್ಮ ಅಜ್ಜಿ, ಸೋದರಮಾವ, ಅತ್ತೆ ಎಲ್ಲರೂ ನೀರಿನ ಮುಂದೆಯೇ ಇದ್ದಾರೆ. ನಮ್ಮ ಊರಿನ ಬಾರೆ, ಜಾಲಿ, ತಂಗಡಿ, ಬಂಡೆ ಒಂದರಲ್ಲೂ ಇಲ್ಲ. ನಾನು ಹೊಲದ ಕಡೆ ಕ್ಯಾಮೆರಾ ತಿರುಗಿಸಿದ್ದು ಆ ಪರದೆಯನ್ನು ಸರಿಸಿ ನೋಡುವ ಆಸೆಯಿಂದ.

ಮೊದಲ ಕ್ಯಾಮೆರಾ ಸೋದರಮಾವ ಕೊಟ್ಟ ಹಳೆಯ ಯಾಶಿಕಾ. ಒಂದು ರೋಲಿಗೆ ಮೂವತ್ತಾರು ಚಿತ್ರ. ಗುಂಡಿ ಒತ್ತುವ ಮುಂಚೆ ಹತ್ತು ಸಲ ಯೋಚಿಸುವ ಕಾಲ. ಆ ಕ್ಯಾಮೆರಾದಲ್ಲಿ ದೂರದ್ದು ಹತ್ತಿರ ಬರುತ್ತಿರಲಿಲ್ಲವಾದ್ದರಿಂದ ನಾನೇ ಹತ್ತಿರ ಹೋಗಬೇಕಿತ್ತು. ಹತ್ತಿರ ಹೋಗುವುದೇ ಫೋಟೋಗ್ರಫಿ ಎಂದು ನಂಬಿದ್ದೆ. ಆ ನಂಬಿಕೆ ಬಿಡಿಸಿಕೊಳ್ಳಲು ಬಹಳ ವರ್ಷ ಹಿಡಿಯಿತು.

ಬಿಡಿಸಿದ್ದು ಮೈದನಹಳ್ಳಿ. ಮಧುಗಿರಿ ತಾಲ್ಲೂಕಿನ ಅಂಚು ಅದು, ದಾಟಿದರೆ ಆಂಧ್ರದ ಹಿಂದೂಪುರ ಸೀಮೆ. ಇಲ್ಲಿನ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಸರ್ಕಾರ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಹೆಸರು ಮಾತ್ರ ಜಯಮಂಗಲಿಯದು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಉತ್ತರ ಪಿನಾಕಿನಿಯನ್ನು ಸೇರುವ ಹೊಳೆ ಜಯಮಂಗಲಿ. ವರ್ಷದ ಹೆಚ್ಚಿನ ಕಾಲ ಅದರಲ್ಲಿ ಮರಳೇ ಹರಿಯುತ್ತದೆ. ರಾಣೆಬೆನ್ನೂರಿನ ಅಭಯಾರಣ್ಯದ ಹೆಸರು ಕೇಳಿದವರು ಬಹಳ. ಮೈದನಹಳ್ಳಿಯದು ಕೇಳಿದವರು ಕಡಿಮೆ.

ಮೊದಲ ಸಲ ಹೋದಾಗ ಗೆಳೆಯನ ಬೈಕಿನ ಹಿಂದೆ ಕೂತು ಹೋಗಿದ್ದೆ. ಗುಂಪು ಕಂಡಿತು. ಇಪ್ಪತ್ತು ಇಪ್ಪತ್ತೈದು ಇರಬೇಕು. ದಾರಿ ಬಿಟ್ಟು ಹುಲ್ಲಿನ ಮೇಲೇ ಬೈಕು ಬಿಟ್ಟೆವು. ಅವು ಓಡಿದವು. ಓಡಿದವು ಎನ್ನುವುದು ಸಾಲದು. ನೆಲಕ್ಕೂ ಅವುಗಳ ಗೊರಸಿಗೂ ಸಂಬಂಧವೇ ಇಲ್ಲ ಎಂಬಂತೆ ಒಂದರ ಹಿಂದೆ ಒಂದು ಚಿಮ್ಮುತ್ತ ಹೋದವು. ಒಂದು ಮರಿ ಹಿಂಡಿನಿಂದ ಬೇರೆಯಾಗಿ ಅಡ್ಡಾದಿಡ್ಡಿ ಓಡಿತು. ಉಳಿದವು ಸಂರಕ್ಷಿತ ಪ್ರದೇಶದ ಎಲ್ಲೆ ದಾಟಿ ಪಕ್ಕದ ಕಡ್ಲೆಕಾಯಿ ಹೊಲಕ್ಕೆ ನುಗ್ಗಿದವು. ಹೊಲದ ಯಜಮಾನ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಬೈಯಲಿಲ್ಲ. “ನಿಮ್ಮ ಫೋಟೋಗೆ ನನ್ನ ಬೆಳೆ ಬೇಕಾಗಿತ್ತಾ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ಅಂದೂ ಉತ್ತರ ಇರಲಿಲ್ಲ, ಇಂದೂ ಇಲ್ಲ. ರೋಲು ತೊಳೆಸಿದಾಗ ಸಿಕ್ಕಿದ್ದು ಓಡುವ ಬೆನ್ನುಗಳು, ಧೂಳು.

ಮುಂದಿನ ಸಲ ಬೈಕನ್ನು ಊರಲ್ಲೇ ಬಿಟ್ಟು ನಡೆದು ಹೋದೆ. ಹುಬ್ಬೆ ಮಳೆಯ ತಾತ ಸಿಕ್ಕಿದ್ದು ಆಗಲೇ. ಕುರಿ ಮುಂದೆ ಬಿಟ್ಟುಕೊಂಡು, ಕಂಬಳಿ ಕೊಪ್ಪೆ ಹಾಕಿ, ಜಾಲಿ ಮರಕ್ಕೆ ಒರಗಿ ಕೂತಿದ್ದರು. ನಾನು ಬಗ್ಗಿ ಬಗ್ಗಿ ಮುಂದೆ ಸರಿಯುವುದನ್ನು ನೋಡಿ ಕೈಬೀಸಿ ಕರೆದರು.

“ಎಲ್ಲಿಗೋಗ್ತೀಯ? ಬಾ, ಇಲ್ಲಿ ಕೂತ್ಕ. ನಿಂತಿರೋ ಮನುಷ್ಯನ್ನ ಕಂಡ್ರೆ ಅವಕ್ಕೆ ಭಯ. ಕೂತಿರೋನು ಅಂದ್ರೆ ಕುರಿ ಕಾಯೋನು. ಅವಕ್ಕೂ ಗೊತ್ತು.”

ಕೂತೆ. ಒಂದು ಗಂಟೆಯಾಯಿತು. ಕುರಿಗಳು ಮೇಯುತ್ತ ಮೇಯುತ್ತ ಬಲಕ್ಕೆ ಹೋದವು. ಎಡಗಡೆಯಿಂದ ಜಿಂಕೆಗಳು ಮೇಯುತ್ತ ಬಂದವು. ನಮ್ಮಿಂದ ಅವಕ್ಕೆ ಎಷ್ಟು ದೂರ ಬೇಕೋ ಅಷ್ಟನ್ನು ಅವೇ ಅಳೆದುಕೊಂಡು ನಿಂತವು. ಒಂದು ಕರೀ ಗಂಡು ತನ್ನ ಹಿಕ್ಕೆಯ ಗುಡ್ಡೆಯ ಬಳಿ ಬಂದು, ತಲೆ ಹಿಂದಕ್ಕೆ ಚೆಲ್ಲಿ, ಕೊಂಬು ಬೆನ್ನಿಗೆ ತಾಗುವಂತೆ ಕತ್ತು ಎತ್ತಿ ನಡೆಯಿತು. ಅದು ತನ್ನ ಜಾಗ ಎಂದು ಉಳಿದ ಗಂಡುಗಳಿಗೆ ಹೇಳುವ ನಡಿಗೆ. ನನ್ನ ಕೈ ನಡುಗುತ್ತಿತ್ತು. ತಾತ ಬೀಡಿ ಹಚ್ಚಿದರು.

ಆ ಪ್ರಾಣಿಯನ್ನು ಚಿತ್ರದಲ್ಲಿ ಸರಿಯಾಗಿ ಇಳಿಸುವುದು ಸುಲಭವಲ್ಲ. ಬೆನ್ನು ಕಾಡಿಗೆಗಪ್ಪು, ಹೊಟ್ಟೆ ಮತ್ತು ಕಣ್ಣಿನ ಸುತ್ತ ಅಚ್ಚಬಿಳಿ, ಹಿಂದಿನ ಹುಲ್ಲು ಒಣಗಿದ ಹೊನ್ನು. ಕ್ಯಾಮೆರಾದ ಬೆಳಕಿನ ಮಾಪಕ ಕಂಡದ್ದನ್ನೆಲ್ಲ ನಡುಬಣ್ಣದ ಬೂದಿ ಎಂದೇ ಎಣಿಸುತ್ತದೆ. ಕಪ್ಪಿಗೆ ಅಳತೆ ಕೊಟ್ಟರೆ ಹುಲ್ಲು ಸುಟ್ಟು ಬಿಳಿಯಾಗುತ್ತದೆ, ಹುಲ್ಲಿಗೆ ಕೊಟ್ಟರೆ ಜಿಂಕೆ ಬರೀ ಕಪ್ಪು ಕಾಗದದ ತುಂಡು. ಸೂರ್ಯ ಹುಟ್ಟಿದ ಮೊದಲ ಒಂದು ಗಂಟೆ ಮಾತ್ರ ಬೆಳಕು ಅಡ್ಡಡ್ಡ ಬಿದ್ದು ಆ ಕಪ್ಪಿನೊಳಗಿನ ಕಂದು ಕೂದಲನ್ನು ತೋರಿಸುತ್ತದೆ. ಕಾದ ನೆಲದಿಂದ ಏಳುವ ಬಿಸಿಗಾಳಿಯ ಪದರಗಳು ಬೆಳಕನ್ನು ಬಾಗಿಸಲು ತೊಡಗಿದರೆ ಎಷ್ಟು ದುಬಾರಿ ಲೆನ್ಸು ತಂದರೂ ಕೆಲಸಕ್ಕೆ ಬಾರದು. ಜಿಂಕೆಯ ಕಾಲು ನೀರಿನಲ್ಲಿ ನಿಂತಂತೆ ಅಲುಗಾಡುತ್ತದೆ. ನಮ್ಮ ಹಿರಿಯರು ಅದಕ್ಕೆ ಬಿಸಿಲ್ಗುದುರೆ ಎಂದರು. ಮಧ್ಯಾಹ್ನ ಮೈದನಹಳ್ಳಿಯಲ್ಲಿ ಕೂತು ಆ ಕುದುರೆಗಳ ನಡುವೆ ಜಿಂಕೆಗಳು ಕರಗಿ ಹೋಗುವುದನ್ನು ನೋಡಿದ ಮೇಲೆ ಇದಕ್ಕಿಂತ ಸರಿಯಾದ ಹೆಸರು ಇರಲಾರದು ಅನ್ನಿಸಿದೆ. ಬೇಸಿಗೆಯಲ್ಲಿ ಎಂಟೂವರೆಗೆ ನಾನು ಲೆನ್ಸಿನ ಮುಚ್ಚಳ ಹಾಕಿಬಿಡುತ್ತೇನೆ. ಆಮೇಲೆ ಸುಮ್ಮನೆ ನೋಡುವುದು.

ಹಾಗೆ ನೋಡುತ್ತ ಕೂತಾಗಲೇ ಈ ಬಯಲಿನಲ್ಲಿ ಎಷ್ಟೆಲ್ಲ ಇದೆ ಎಂದು ತಿಳಿಯುತ್ತ ಬಂತು. ಹೆಜ್ಜೆ ಇಟ್ಟಲ್ಲಿ ಭರ್ರೆಂದು ಏಳುವ ಲಾವುಗೆ, ಪೊದೆಯಿಂದ ಕೂಗುವ ಗೌಜುಗ, ಮುಗಿಲಿಗೇರಿ ಹಾಡುತ್ತ ಕಲ್ಲಿನ ಹಾಗೆ ಬೀಳುವ ನೆಲಗುಬ್ಬಿ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಸೆಳೆವ ಎಂಬ ಹಕ್ಕಿಗಳಂತೂ ರಾತ್ರಿ ಮಲಗುವುದೂ ಹುಲ್ಲಿನ ನಡುವಿನ ನೆಲದ ಮೇಲೆಯೇ. ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಬೇಕಾದದ್ದು ಮೊಣಕಾಲೆತ್ತರದ ಹುಲ್ಲು. ಅಂಥ ನೆಲಕ್ಕೆ ನಮ್ಮ ಕಂದಾಯದ ಕಾಗದದಲ್ಲಿರುವ ಹೆಸರು ಖರಾಬು. ಉಳಲು ಬಾರದ್ದು, ತೆರಿಗೆ ಬಾರದ್ದು ಎಂಬ ಅರ್ಥದಲ್ಲಿ ಇಟ್ಟ ಹೆಸರು. ಆ ಹೆಸರು ಒಮ್ಮೆ ಅಂಟಿದರೆ ಆಮೇಲೆ ಅಲ್ಲಿ ಏನು ಮಾಡಿದರೂ ನಡೆಯುತ್ತದೆ. ನೀಲಗಿರಿ ನೆಟ್ಟರೂ ಅಭಿವೃದ್ಧಿ, ಮಣ್ಣು ಅಗೆದರೂ ಅಭಿವೃದ್ಧಿ. ಗಿಡ ನೆಡುವುದು ಪುಣ್ಯ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಹುಲ್ಲುಗಾವಲಿನ ಮೇಲೆ ಮರದ ಸಾಲು ಎದ್ದರೆ ಕೃಷ್ಣಮೃಗ ಕುರುಡಾದ ಹಾಗೆ. ದೂರದಿಂದಲೇ ಶತ್ರುವನ್ನು ಕಂಡು ವೇಗದಿಂದ ಬದುಕುವ ಜೀವ ಅದು. ಅದಕ್ಕೆ ಬೇಕಾದದ್ದು ಕಣ್ಣಿಗೆ ಅಡ್ಡವಿಲ್ಲದ ಬಯಲು. ಬರಿದಾಗಿ ಕಾಣುತ್ತದೆ ಎಂದು ನಾವು ಯಾವುದನ್ನು ತುಂಬಿಸಲು ಹೊರಡುತ್ತೇವೋ ಆ ಬರಿದೇ ಅದರ ಮನೆ.

ಅದಕ್ಕೇ ನನ್ನ ಮಟ್ಟಿಗೆ ಇಲ್ಲಿ ಫೋಟೋ ತೆಗೆಯುವುದು ಒಂದು ಪಹಣಿ ಬರೆದ ಹಾಗೆ. ಇಂಥ ದಿನ, ಇಂಥ ಮಳೆ ಆದ ಮೇಲೆ, ಈ ಖರಾಬಿನಲ್ಲಿ ಇವರಿವರು ವಾಸವಿದ್ದರು ಎಂದು.

ಮಧುಗಿರಿ ಬೆಟ್ಟಕ್ಕೆ ಬಂದರೆ ದೂರದ ಪಾಠ ಇನ್ನೊಂದು ಬಗೆಯದು. ಏಷ್ಯಾದಲ್ಲೇ ಎರಡನೆಯ ದೊಡ್ಡ ಏಕಶಿಲೆ ಎಂದು ಹೇಳಿಕೊಳ್ಳುವುದು ರೂಢಿ. ಆ ಲೆಕ್ಕದಲ್ಲಿ ನನಗೆ ಆಸಕ್ತಿಯಿಲ್ಲ. ಸಮುದ್ರಮಟ್ಟದಿಂದ 3,900 ಅಡಿಗೂ ಮೇಲೆ ಏರಿದ ಆ ಒಂದೇ ಬಂಡೆಯ ಮುಂದೆ ನಿಂತರೆ ಎರಡನೆಯದು ಮೂರನೆಯದು ಎಂಬ ಮಾತೇ ಮರೆತುಹೋಗುತ್ತದೆ. ಇದು ಕ್ಲೋಸ್‌ಪೇಟೆ ಗ್ರಾನೈಟು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದಾಗ ಭೂವಿಜ್ಞಾನಿಗಳು ಇಟ್ಟದ್ದು. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದಾಳದಲ್ಲಿ ಕರಗಿ ತಣಿದ ಕಲ್ಲಿನ ಪಟ್ಟಿ ರಾಮನಗರ, ಮಾಗಡಿ, ಶಿವಗಂಗೆ ಹಾದು ಮಧುಗಿರಿ, ಪಾವಗಡದತ್ತ ಉತ್ತರಕ್ಕೆ ಓಡುತ್ತದೆ. 1975ರ ‘ಶೋಲೆ’ ಸಿನಿಮಾದಲ್ಲಿ ಇಡೀ ದೇಶ ನೋಡಿದ ರಾಮನಗರದ ಬಂಡೆಗಳೂ ನಮ್ಮ ಬೆಟ್ಟಗಳೂ ಒಂದೇ ಬಳ್ಳಿಯ ಕಾಯಿಗಳು. ಈ ಕಲ್ಲಿನಲ್ಲಿ ಹೆಬ್ಬೆರಳುಗುರಿನಷ್ಟು ದೊಡ್ಡ ನಸುಗೆಂಪು ಹರಳುಗಳಿವೆ. ಸಂಜೆಯ ಬೆಳಕು ತಾಕಿದಾಗ ಬೆಟ್ಟ ಒಳಗಿನಿಂದ ಕೆಂಪಾದಂತೆ ಕಾಣುವುದು ಅದರಿಂದ.

ಬಂಡೆಯ ಮೇಲೆ ಇರುವಾಗ ಬಂಡೆಯ ಚಿತ್ರ ಬರುವುದಿಲ್ಲ. ಎಷ್ಟು ಹತ್ತಿರ ಹೋದರೂ ಬರೀ ಬೂದು ಗೋಡೆ. ಅದರ ಗಾತ್ರ ಹೇಳಬೇಕೆಂದರೆ ಎರಡು ಮೂರು ಮೈಲಿ ಹಿಂದೆ ಸರಿದು, ರಾಗಿ ಹೊಲದ ಬದುವಿನ ಮೇಲೆ ನಿಂತು, ಬುಡದಲ್ಲಿ ಊರಿನ ಮನೆಗಳನ್ನೂ ಸೇರಿಸಿಕೊಳ್ಳಬೇಕು. ಆಗ ಕೋಟೆಯ ಗೋಡೆ ಬಂಡೆಯ ಮೈಮೇಲೆ ಎಳೆದ ಉಡಿದಾರದಷ್ಟು ಸಣ್ಣಗೆ ಕಾಣುತ್ತದೆ. ಸ್ಥಳೀಯ ಪಾಳೆಯಗಾರರು ಕಟ್ಟಿ, ಹೈದರ್ ಅಲಿ ಬಲಪಡಿಸಿದ ಕೋಟೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರ್ ಕೆಳದಿಯ ರಾಣಿ ವೀರಮ್ಮಾಜಿಯನ್ನು ತಂದು ಸೆರೆಯಿಟ್ಟದ್ದು ಇಲ್ಲಿ. 1767ರಲ್ಲಿ ಮರಾಠರು ಬಿಡಿಸುವವರೆಗೆ ಆಕೆ ಇಲ್ಲಿದ್ದಳು. ಮೇಲಿನ ಬಾಗಿಲೊಂದರ ಚೌಕಟ್ಟಿನಲ್ಲಿ ಕ್ಯಾಮೆರಾ ಇಟ್ಟು ಕೆಳಗಿನ ಬಯಲನ್ನು ಹಿಡಿಯುವಾಗಲೆಲ್ಲ ನನಗೆ ಆಕೆಯ ನೆನಪು ಬರುತ್ತದೆ. ಮೂರು ತಿಂಗಳು ಬಿಡದೆ ಮಳೆ ಸುರಿಯುವ ಮಲೆನಾಡಿನಲ್ಲಿ ಬೆಳೆದ ಕಣ್ಣು ನಾಲ್ಕು ವರ್ಷ ಈ ಒಣ ಬಯಲನ್ನೇ ನೋಡಿತು. ಎಂಥ ದೂರ ಅದು.

ಅಲ್ಲಿಗೆ ಹೋಗುವ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಮೇಲಿನ ಇಳಿಜಾರಿನಲ್ಲಿ ಬಂಡೆ ಕೊರೆದು ಮಾಡಿದ ಹೆಜ್ಜೆಗುಳಿಗಳಿವೆ, ಹಿಡಿಯಲು ಕಂಬಿಯಿದೆ. ಕಂಬಿ ಬಿಟ್ಟು ಅಂಚಿಗೆ ಹೋಗಿ ಸೆಲ್ಫಿ ತೆಗೆಯುವುದನ್ನು ನೋಡಿ ನನ್ನ ಎದೆ ನಿಂತುಹೋದದ್ದು ಒಂದೆರಡು ಸಲವಲ್ಲ. ಮಳೆ ಬಿದ್ದ ದಿನ ಆ ಬಂಡೆ ಎಣ್ಣೆ ಸವರಿದ ಹಾಗೆ. ಬೆಟ್ಟ ಇನ್ನೂ ಬಹಳ ಕಾಲ ಇರುತ್ತದೆ, ಒಣಗಿದ ಮೇಲೆ ಹೋದರಾಯಿತು.

ಶಿರಾದಲ್ಲಿ ಕಲ್ಲಿನ ಕಥೆ ಇನ್ನೂ ನಯವಾದದ್ದು. ಹೆದ್ದಾರಿ 48ರಲ್ಲಿ ಬೆಂಗಳೂರಿನಿಂದ ಚಿತ್ರದುರ್ಗದ ಕಡೆ ಓಡುವ ಕಾರುಗಳಿಗೆ ಶಿರಾ ಎಂದರೆ ತಿಂಡಿಗೆ ನಿಲ್ಲುವ ಜಾಗ. 1687ರಿಂದ 1757ರವರೆಗೆ ಇದು ಮೊಘಲರ ಒಂದು ಪ್ರಾಂತ್ಯದ ರಾಜಧಾನಿಯಾಗಿತ್ತು. ಬಿಜಾಪುರದ ಆದಿಲ್‌ಶಾಹಿಗಳ ಅಧಿಕಾರಿ ಮಲಿಕ್ ರಿಹಾನನ ಗೋರಿ 1651ರದು, ಜುಮ್ಮಾ ಮಸೀದಿ 1696ರದು. ವಿಜಯಪುರದ ಗೋಲಗುಮ್ಮಟ ನೋಡಲು ಇನ್ನೂರು ಮೈಲಿಗೂ ಹೆಚ್ಚು ಹೋಗುವ ನಮ್ಮವರು ಅದೇ ಮನೆತನದ ಶೈಲಿಯ ಗುಮ್ಮಟ ಊರೊಳಗೇ ಇರುವುದನ್ನು ಗಮನಿಸುವುದಿಲ್ಲ. ಗುಮ್ಮಟದ ಬುಡದಲ್ಲಿ ಕಲ್ಲಿನ ದಳಗಳು ಬಿಚ್ಚಿಕೊಂಡಿವೆ, ತಾವರೆಯ ಮೊಗ್ಗು ಎತ್ತಿ ಹಿಡಿದ ಹಾಗೆ. ಆ ದಳಗಳ ನೆರಳು ಒಂದರ ಮೇಲೊಂದು ಬೀಳುವುದು ಬೆಳಗಿನ ಹೊತ್ತು. ಅದನ್ನು ಹಿಡಿಯಲು ಒಂದು ಚಳಿಗಾಲವಿಡೀ ಹೋಗಿದ್ದೇನೆ. ಅಲ್ಲೂ ಒಳಗೆ ಹೋಗುವ ಮುಂಚೆ ಇರುವವರನ್ನು ಕೇಳುತ್ತೇನೆ. ನಮಾಜಿನ ಹೊತ್ತಿನಲ್ಲಿ ಕ್ಯಾಮೆರಾ ಚೀಲದೊಳಗೇ ಇರುತ್ತದೆ. ಕೇಳಿದ ಮೇಲೆ ಬೇಡ ಎಂದವರು ಈವರೆಗೆ ಸಿಕ್ಕಿಲ್ಲ. ಚಹಾ ಕೊಟ್ಟವರು ಸಿಕ್ಕಿದ್ದಾರೆ.

ಪಾವಗಡದಲ್ಲಿ ಒಂದು ಸಂಜೆ ಗುಡ್ಡದ ಮೇಲಿನಿಂದ ನೋಡಿದಾಗ ಕೆಳಗೆ ದೊಡ್ಡ ಕೆರೆಯೊಂದು ತುಂಬಿ ನಿಂತಂತೆ ಕಂಡಿತು. ಬರದ ಸೀಮೆಯಲ್ಲಿ ಹುಟ್ಟಿದವನಿಗೆ ಹೊಳೆಯುವುದೆಲ್ಲ ಮೊದಲು ನೀರಾಗಿಯೇ ಕಾಣುತ್ತದೆ. ಅದು ತಿರುಮಣಿ, ವಳ್ಳೂರಿನ ಸುತ್ತ ಹರಡಿರುವ ಸೋಲಾರ್ ಪಾರ್ಕು. 13,000 ಎಕರೆ, 2,050 ಮೆಗಾವಾಟ್. 2018ರಲ್ಲಿ ಶುರುವಾಯಿತು. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ನಮ್ಮನ್ನು ಸುಟ್ಟ ಬಿಸಿಲೇ ಬೆಳೆಯಾದದ್ದು ನನಗೆ ಸಂತೋಷ. ಹೊಲಗಳೊಂದಿಗೆ ಕೂಲಿಯೂ ದನದ ಮೇವೂ ಹೋದವಲ್ಲ ಎಂಬ ಸಂಕಟವೂ ಇದೆ. ಅಲ್ಲಿ ಮುಂಚೆ ಕಡ್ಲೆಕಾಯಿ ಬೆಳೆಯುತ್ತಿದ್ದ ಕಾಲದ ಒಂದು ಚಿತ್ರವೂ ನನ್ನ ಬಳಿ ಇಲ್ಲ. ಏನಿದೆ ಅಲ್ಲಿ ಹಿಡಿಯೋಕೆ ಎಂದು ನಾನೂ ಅಂದುಕೊಂಡಿದ್ದ ಕಾಲ ಅದು.

ಇನ್ನು ಕಗ್ಗಲಡು. ಇದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ.

ಶಿರಾ ಪಕ್ಕದ ಸಣ್ಣ ಹಳ್ಳಿ. ಊರೊಳಗಿನ ಹುಣಸೆ ಮರಗಳ ಮೇಲೆ ವರ್ಷ ವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ, ಜೊತೆಗೆ ಬೂದು ಬಕಗಳು. 1999ರ ಸುಮಾರಿಗೆ ತುಮಕೂರಿನ ಪ್ರಕೃತಿಪ್ರಿಯರ ಮೂಲಕ ಹೊರಗಿನವರಿಗೆ ಇದರ ಸುದ್ದಿ ತಿಳಿಯಿತು. ಊರಿನವರಿಗೆ ಮುಂಚೆಯೇ ಗೊತ್ತಿತ್ತಲ್ಲ, ಅವರು ಅದನ್ನು ಸುದ್ದಿ ಎಂದುಕೊಂಡಿರಲಿಲ್ಲ. ಬಣ್ಣದ ಕೊಕ್ಕರೆ ಬೆದೆಯ ಕಾಲದಲ್ಲಿ ನೋಡಲು ಸೋಜಿಗ. ಹಳದಿ ಕೊಕ್ಕು, ಗರಿಯಿಲ್ಲದ ಕಿತ್ತಳೆ ಮುಖ, ಎದೆಗೆ ಕಪ್ಪು ಪಟ್ಟಿ, ಬಾಲದ ಬಳಿ ಕುಂಕುಮ ಕಲಸಿದ ನೀರಿನಲ್ಲಿ ಅದ್ದಿದಂಥ ಗುಲಾಬಿ. ತಗ್ಗು ನೀರಿನಲ್ಲಿ ಅರ್ಧ ತೆರೆದ ಕೊಕ್ಕನ್ನು ಅತ್ತಿತ್ತ ಆಡಿಸುತ್ತ ನಡೆದು, ತಾಗಿದ ಮೀನನ್ನು ಪಟ್ಟನೆ ಹಿಡಿಯುತ್ತದೆ. ಸುತ್ತಲಿನ ಕೆರೆಗಳಲ್ಲಿ ಮೀನಿದ್ದರೆ ಗೂಡು. ಕೆರೆ ಬತ್ತಿದರೆ ಅದಕ್ಕೂ ನಮಗೂ ಒಂದೇ ಬರ.

ಹುಣಸೆ ಬಡಿಯುವ ಕಾಲಕ್ಕೇ ಹಕ್ಕಿಗಳು ಗೂಡಿನಲ್ಲಿರುತ್ತವೆ. ನಮ್ಮ ಕಡೆ ಒಂದು ಹಳೇ ಹುಣಸೆ ಮರ ಎಂದರೆ ಒಂದು ಮನೆಗೆ ವರ್ಷದ ಕೈಖರ್ಚಿನ ದುಡ್ಡು. “ಗೂಡಿರೋ ಕೊಂಬೆಗೆ ದೋಟಿ ಹಾಕಲ್ಲ ಕಣಪ್ಪ,” ಎಂದರು ಮರದ ಬುಡದ ಮನೆಯ ಅಜ್ಜಿ. “ಬಾಣಂತಿ ಮನೇಲಿ ಗಲಾಟೆ ಮಾಡ್ತಾರಾ?” ಅವರ ಹೆಂಚಿನ ಮೇಲೆ, ಅಂಗಳದ ಮೇಲೆ ಬಿಳಿ ಹಿಕ್ಕೆ ಬಳಿದುಹೋಗಿತ್ತು. ಗೂಡಿನಿಂದ ಜಾರಿದ ಮೀನಿನ ನಾತ. ದೀಪಾವಳಿ, ಜಾತ್ರೆ, ಮದುವೆ ಏನೇ ಬಂದರೂ ಪಟಾಕಿ ಇಲ್ಲ. ಇದಕ್ಕೆ ಅವರು ಯಾರಿಂದಲೂ ಪ್ರಶಸ್ತಿ ಕೇಳಿದ್ದು ನಾನು ಕೇಳಿಲ್ಲ.

ನಾನು ಅಲ್ಲಿ ತೆಗೆದ ಮೊದಲ ರೋಲು ತೊಳೆಯುವ ಕಡೆ ಬೆಳಕು ತಾಗಿ ಪೂರ್ತಿ ಹಾಳಾಯಿತು. ಮೂವತ್ತಾರರಲ್ಲಿ ಒಂದೂ ಉಳಿಯಲಿಲ್ಲ. ಅತ್ತುಬಿಟ್ಟಿದ್ದೆ. ಮರುವರ್ಷ ಹಕ್ಕಿಗಳು ಮತ್ತೆ ಬಂದವು, ಮತ್ತೆ ತೆಗೆದೆ. ಹಾಳಾದ ರೋಲಿನಲ್ಲಿದ್ದ ವರ್ಷ ಮಾತ್ರ ಬರಲಿಲ್ಲ. ಆ ವರ್ಷ ಮರದ ಮೇಲೆ ಎಷ್ಟು ಗೂಡಿದ್ದವು ಎಂದು ಇಂದು ಯಾರಾದರೂ ಕೇಳಿದರೆ ನನ್ನ ಬಳಿ ತೋರಿಸಲು ಏನೂ ಇಲ್ಲ.

ಒಂದು ಏಪ್ರಿಲ್ ಮಧ್ಯಾಹ್ನ ಅಲ್ಲಿ ಕಂಡದ್ದನ್ನು ಹೇಳಲೇಬೇಕು. ಮರಿಗಳಿನ್ನೂ ಚಿಕ್ಕವು, ಮೈಮೇಲೆ ಬರೀ ಬಿಳಿ ತುಪ್ಪಟ. ನೆತ್ತಿಯ ಮೇಲೆ ಬೆಂಕಿಯಂಥ ಬಿಸಿಲು. ತಾಯಿ ಹಕ್ಕಿಗಳು ಗೂಡಿನ ಅಂಚಿನಲ್ಲಿ ಸೂರ್ಯನಿಗೆ ಬೆನ್ನು ಮಾಡಿ, ಎರಡೂ ರೆಕ್ಕೆ ಅರೆ ಬಿಚ್ಚಿ ಕೊಡೆ ಹಿಡಿದು ನಿಂತಿದ್ದವು. ಸೂರ್ಯ ಸರಿದಂತೆ ಅವೂ ಸರಿಯುತ್ತಿದ್ದವು. ಮರಿಗಳು ಆ ನೆರಳಿನ ಜೊತೆ ತೆವಳುತ್ತಿದ್ದವು. ಇಡೀ ಮರದ ತುಂಬ ಇಂಥ ಹತ್ತಾರು ಕೊಡೆ. ನಾನು ರಸ್ತೆಯ ಆಚೆ ಬದಿ, ಗೋಡೆಯ ನೆರಳಿನಲ್ಲಿ ಕೂತಿದ್ದೆ. ಅಷ್ಟರಲ್ಲಿ ಕಾರೊಂದು ಬಂತು. ಇಳಿದವರು ನೇರ ಮರದ ಬುಡಕ್ಕೆ ನಡೆದರು. ಹಕ್ಕಿಗಳು ಕೂತಲ್ಲೇ ಇರುವುದು ಅವರಿಗೆ ಬೇಡವಾಗಿತ್ತು, ಹಾರುವ ಚಿತ್ರ ಬೇಕಾಗಿತ್ತು. ಒಬ್ಬರು ಡ್ರೋನ್ ಎಬ್ಬಿಸಿದರು. ಅದು ಗುಂಯ್‌ಗುಡುತ್ತ ಮರದ ತಲೆಯ ಮಟ್ಟಕ್ಕೆ ಏರಿದೊಡನೆ ಕೊಡೆಗಳೆಲ್ಲ ಒಮ್ಮೆಗೇ ಮುಗಿಲಿಗೆದ್ದವು. ಚಿತ್ರ ಚೆನ್ನಾಗಿಯೇ ಬಂದಿರಬೇಕು. ನೀಲಿ ಬಾನು, ಬಿಳಿ ಗುಲಾಬಿ ರೆಕ್ಕೆ. ಕೆಳಗೆ ಗೂಡುಗಳಲ್ಲಿ ಮರಿಗಳು ಬರೀ ಬಿಸಿಲಿಗೆ ಬಿದ್ದಿದ್ದವು. ಎರಡು ಕಾಗೆ ಆಗಲೇ ಕೊಂಬೆಗೆ ಬಂದು ಕೂತಿದ್ದವು. ಊರಿನ ಹೆಂಗಸರು ಕೂಗಿಕೊಂಡು ಬಂದು ಡ್ರೋನ್ ಇಳಿಸುವಂತೆ ಮಾಡಿದರು. ಹಕ್ಕಿಗಳು ಸುತ್ತಿ ಸುತ್ತಿ, ಒಂದೊಂದಾಗಿ ಇಳಿದು, ಮತ್ತೆ ರೆಕ್ಕೆ ಬಿಚ್ಚಲು ಕಾಲು ಗಂಟೆ ಹಿಡಿಯಿತು. ಆ ಬಿಸಿಲಿನಲ್ಲಿ ಅಂಗೈಯಗಲದ ಮರಿಗೆ ಕಾಲು ಗಂಟೆ ಬಹಳ ದೊಡ್ಡದು.

ಆ ದಿನ ನಾನು ಒಂದು ಚಿತ್ರವನ್ನೂ ತೆಗೆಯಲಿಲ್ಲ. ಬೈಕಿನಲ್ಲಿ ಹೋಗಿ ಜಿಂಕೆ ಓಡಿಸಿದವನೂ ನಾನೇ ಆದ್ದರಿಂದ ಅವರ ಮೇಲೆ ಬರೀ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಹತ್ತಿರ ಹೋಗಿ ಕೊಡೆಯ ವಿಷಯ ಹೇಳಿದೆ. ಅವರಲ್ಲಿ ಒಬ್ಬ ಹುಡುಗಿ ಕಣ್ಣೆತ್ತಿ ಗೂಡಿನ ಕಡೆ ನೋಡಿ, ಕ್ಯಾಮೆರಾ ಚೀಲಕ್ಕೆ ಹಾಕಿ, ಗೋಡೆಯ ನೆರಳಿಗೆ ಬಂದು ನನ್ನ ಪಕ್ಕ ಕೂತಳು. ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳಲ್ಲಿ ಈಗ ತೆಗೆದುಕೊಳ್ಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾಕೆ ಎಂದು ಅವತ್ತು ತಿಳಿಯಿತು ಎಂದಳು.

ನೀವು ನಮ್ಮ ಕಡೆ ಬರಬೇಕು. ಬನ್ನಿ ಎಂದು ಕರೆಯಲೆಂದೇ ಇಷ್ಟು ಬರೆದೆ. ಮೈದನಹಳ್ಳಿಗೆ ಬಂದರೆ ಗಾಡಿ ದಾರಿಯ ಮೇಲೇ ಇರಲಿ, ಕೂತು ಕಾಯಿರಿ, ಬಿಸಿಲೇರಿದ ಮೇಲೆ ಮುಚ್ಚಳ ಹಾಕಿ ಹುಲ್ಲು ನೋಡಿ. ಕಗ್ಗಲಡುವಿಗೆ ಬಂದರೆ ಬೆಳಿಗ್ಗೆ ಎಂಟರೊಳಗೆ ಬನ್ನಿ, ಮರದ ಬುಡಕ್ಕೆ ಹೋಗಬೇಡಿ, ಡ್ರೋನ್ ಮನೆಯಲ್ಲೇ ಬಿಟ್ಟು ಬನ್ನಿ. ತೆಗೆದ ಚಿತ್ರದಲ್ಲಿ ಒಂದನ್ನು ಪ್ರಿಂಟು ಹಾಕಿಸಿ, ಹಿಂದೆ ತಾರೀಖು ಬರೆದು, ಮುಂದಿನ ವರ್ಷ ಬರುವಾಗ ಆ ಮರದ ಬುಡದ ಮನೆಗೆ ತಂದುಕೊಡಿ.